ಬಚ್ಚಲ ಸೋರಿಕೆ: ಒಡೆಯುವ ಮೊದಲು ಹುಡುಕಿ

ರಾಯಚೂರು ನಗರದಲ್ಲಾಗಲಿ, ದೇವದುರ್ಗ, ಮಾನ್ವಿಯ ಹೊಸ ಬಡಾವಣೆಗಳಲ್ಲಾಗಲಿ, ಬಚ್ಚಲು ಈಗ ಹಿತ್ತಲು ಬಿಟ್ಟು ಮನೆಯೊಳಗೆ ಬಂದಿದೆ. ಮಲಗುವ ಕೋಣೆಗೆ ಅಂಟಿಕೊಂಡಿದೆ, ಮಹಡಿಯನ್ನೂ ಹತ್ತಿದೆ. ಹಂಡೆ, ಚರಿಗೆ ಇದ್ದ ಕಡೆ ಗೀಸರ್, ಶವರ್ ಬಂದಿವೆ. ಹಿತ್ತಲ ಬಚ್ಚಲಿನಿಂದ ಸೋರಿದ ನೀರು ಬಾಳೆಗಿಡದ ಬುಡ ಸೇರುತ್ತಿತ್ತು. ಒಳಗಿನ ಬಚ್ಚಲಿನಿಂದ ಸೋರಿದ್ದು ಗೋಡೆಗೆ, ಛತ್ತಿಗೆ, ಅಡಿಪಾಯಕ್ಕೆ ಹೋಗುತ್ತದೆ.

ಗೋಡೆಯ ಬಣ್ಣ ಉಬ್ಬಿತು, ಬಿಳಿ ಉಪ್ಪು ಕಾಣಿಸಿತು ಎಂದ ಕೂಡಲೇ ಗೌಂಡಿಯನ್ನು ಕರೆಸಿ ಟೈಲ್ಸ್ ಒಡೆಸುವುದು ರೂಢಿ. ಎಷ್ಟೋ ಮನೆಗಳಲ್ಲಿ ಅದರ ಅಗತ್ಯವೇ ಇರುವುದಿಲ್ಲ. ನೀರು ಇಳಿಜಾರು ಹಿಡಿದು ಹೋಗುವುದರಿಂದ ತೂತು ಒಂದು ಕಡೆ, ತೇವ ಕಾಣುವುದು ಇನ್ನೊಂದು ಕಡೆ. ತೇವ ಕಂಡ ಜಾಗವನ್ನು ಒಡೆದವರಿಗೆ ಖರ್ಚು ಬರುತ್ತದೆ, ಸೋರಿಕೆ ಉಳಿಯುತ್ತದೆ. ತೇವ ಯಾವಾಗ ಹೆಚ್ಚುತ್ತದೆ ಎಂದು ಗಮನಿಸಿದರೆ ತೂತು ಎಲ್ಲಿದೆ ಎಂಬುದು ತಾನಾಗಿ ಸಿಗುತ್ತದೆ. ಈ ಅಧ್ಯಾಯ ಕಲಿಸುವುದು ಈ ಒಂದು ವಿದ್ಯೆಯನ್ನು.

ಎರೆ ನೆಲದಲ್ಲಿ ಯಾಕೆ ತಡಮಾಡಬಾರದು

ಕೃಷ್ಣಾ, ತುಂಗಭದ್ರಾ ನದಿಗಳ ನಡುವಿನ ಈ ದೋಆಬಿನಲ್ಲಿ ಎಲ್ಲ ಕಡೆ ಒಂದೇ ಮಣ್ಣಿಲ್ಲ. ರಾಯಚೂರು ಕೋಟೆಯ ಸುತ್ತ ಕಣಶಿಲೆಯ ಗುಡ್ಡಗಳಿವೆ. ದೇವದುರ್ಗ, ಮಾನ್ವಿ ತಾಲ್ಲೂಕುಗಳಲ್ಲಿ ಎರೆ ಭೂಮಿ ವಿಶಾಲವಾಗಿ ಹರಡಿದೆ. ಎರೆ ಮಣ್ಣಿನಲ್ಲಿರುವ ಜೇಡಿಯ ಕಣಗಳು ತಮ್ಮ ಪದರಗಳ ನಡುವೆ ನೀರು ಹೀರಿಕೊಂಡು ಹಿಗ್ಗುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಿಗೆಯಲ್ಲಿ ಹೊಲ ಕೈ ತೂರುವಷ್ಟು ಬಾಯಿ ಬಿಡುವುದು ಇದರಿಂದಲೇ.

ಮನೆಯಡಿಯ ಮಣ್ಣೆಲ್ಲ ಒಂದೇ ಸಮನೆ ನೆನೆದರೆ ಅಪಾಯ ಕಡಿಮೆ. ಬಚ್ಚಲ ಮೂಲೆ ಮಾತ್ರ ವರ್ಷವಿಡೀ ನೆನೆಯುತ್ತ, ಉಳಿದ ಕಡೆ ಒಣಗಿದ್ದರೆ, ಆ ಮೂಲೆ ಮೇಲೇಳುತ್ತದೆ. ಆಗ ಬಾಗಿಲು, ಕಿಟಕಿಗಳ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ, ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಸೆಕೆಂಡಿಗೆ ಒಂದು ಹನಿಯಂತೆ ಸೋರಿದರೂ ದಿನಕ್ಕೆ ನಾಲ್ಕು ಲೀಟರಿಗೂ ಹೆಚ್ಚು, ವರ್ಷಕ್ಕೆ ಸುಮಾರು ಒಂದೂವರೆ ಸಾವಿರ ಲೀಟರ್ ನೀರು ಅಡಿಪಾಯದ ಮಣ್ಣಿಗೆ ಇಳಿಯುತ್ತದೆ. ಸಣ್ಣ ಸೋರಿಕೆ ಎಂದು ಬಿಟ್ಟುಬಿಡುವ ಮಾತು ಎರೆ ನೆಲದಲ್ಲಿ ನಡೆಯುವುದಿಲ್ಲ.

ಹಾಗೆಂದು ಎಲ್ಲ ತೇವವೂ ಬಚ್ಚಲಿನದಲ್ಲ. ಮಾನ್ವಿ ಸೀಮೆಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬರುತ್ತದೆ, ದೇವದುರ್ಗದ ಕಡೆಗೆ ನಾರಾಯಣಪುರ ಬಲದಂಡೆ ಕಾಲುವೆಯದು. ಕಾಲುವೆಗೆ ನೀರು ಬಿಟ್ಟ ತಿಂಗಳುಗಳಲ್ಲಿ ತಗ್ಗಿನ ಮನೆಗಳ ಗೋಡೆಗಳು ಬುಡದಿಂದ ತೇವ ಏರಿಸಿಕೊಳ್ಳಬಹುದು. ಆ ತೇವ ಮನೆಯ ಎಲ್ಲ ಗೋಡೆಗಳ ಬುಡದಲ್ಲಿ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಕಾಣುತ್ತದೆ, ಕಾಲುವೆ ನಿಂತ ಮೇಲೆ ಇಳಿಯುತ್ತದೆ. ಬಚ್ಚಲ ಸೋರಿಕೆಯ ತೇವ ಬಚ್ಚಲ ಸುತ್ತಲೇ ಇರುತ್ತದೆ, ಕಡುಬೇಸಿಗೆಯಲ್ಲೂ ಆರುವುದಿಲ್ಲ.

ನೀರು ತಪ್ಪಿಸಿಕೊಳ್ಳುವ ಮೂರು ದಾರಿ

ಒಂದನೆಯದು, ಗೋಡೆಯೊಳಗೆ ಹೂತಿಟ್ಟ ನೀರಿನ ಪೈಪು. ಇದರಲ್ಲಿ ಒತ್ತಡ ಸದಾ ಇರುವುದರಿಂದ ಯಾರೂ ಜಳಕ ಮಾಡದಿದ್ದರೂ ಹಗಲಿರುಳು ಸೋರುತ್ತದೆ. ಎರಡನೆಯದು, ನೀರು ಹೊರಹೋಗುವ ಜಾಲಿ, ಅದರ ಕೆಳಗಿನ ನಹಾನಿ ಟ್ರ್ಯಾಪ್, ಅಲ್ಲಿಂದ ಮುಂದಿನ ಪೈಪು. ಇದು ಸೋರುವುದು ನೀರು ಹರಿದುಹೋಗುವಾಗ ಮಾತ್ರ. ಮೂರನೆಯದು, ಟೈಲ್ಸ್ ನಡುವಿನ ಸಂದು, ನೆಲ ಗೋಡೆ ಕೂಡುವ ಮೂಲೆ, ನಳ ಹೊರಬರುವ ತೂತು. ಇವು ಸೋರುವುದು ಮೇಲೆ ನೀರು ಬಿದ್ದಾಗ ಮಾತ್ರ.

ಒಂದೊಂದಾಗಿ ಪರೀಕ್ಷೆ

ಎರಡು ಮೂರು ದಿನ ಆ ಬಚ್ಚಲನ್ನು ಬಳಸಬೇಡಿ. ತೇವದ ಅಂಚಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದಿಡಿ. ಮುಂದಿನ ಪರೀಕ್ಷೆಗಳನ್ನು ಇದೇ ಕ್ರಮದಲ್ಲಿ, ಒಂದರ ನಂತರ ಒಂದು ದಿನ ಬಿಟ್ಟು ಮಾಡಿ. ಎಲ್ಲವನ್ನೂ ಒಮ್ಮೆಲೇ ಮಾಡಿದರೆ ಯಾವುದರಿಂದ ತೇವ ಹೆಚ್ಚಿತು ಎಂದು ತಿಳಿಯುವುದಿಲ್ಲ.

ಟ್ಯಾಂಕಿನ ಪರೀಕ್ಷೆ. ಮಾಳಿಗೆಯ ಟ್ಯಾಂಕ್ ತುಂಬಿಸಿ ಮೋಟರ್ ಬಂದ್ ಮಾಡಿ, ಮನೆಯ ಎಲ್ಲ ನಳಗಳನ್ನು ಬಿಗಿ ಮಾಡಿ. ಕಡ್ಡಿಯೊಂದನ್ನು ಇಳಿಬಿಟ್ಟು ನೀರಿನ ಮಟ್ಟ ಗುರುತು ಮಾಡಿ. ಸಾವಿರ ಲೀಟರಿನ ಟ್ಯಾಂಕಿನಲ್ಲಿ ಮಟ್ಟ ಒಂದು ಸೆಂಟಿಮೀಟರ್ ಇಳಿಯಿತೆಂದರೆ ಎಂಟು ಹತ್ತು ಲೀಟರ್ ಹೋಯಿತೆಂದು ಅರ್ಥ. ಸಣ್ಣ ಸೋರಿಕೆ ಒಂದು ರಾತ್ರಿಗೆ ಕಾಣದು, ಸಾಧ್ಯವಾದರೆ ಪೂರ್ತಿ ಒಂದು ದಿನ ಬಿಡಿ. ಮಟ್ಟ ಇಳಿದಿದ್ದರೆ ಗೋಡೆಯನ್ನು ದೂರುವ ಮೊದಲು ಶೌಚದ ಫ್ಲಶ್ ಟ್ಯಾಂಕನ್ನು ನೋಡಿ. ಅದರೊಳಗೆ ಚಿಟಿಕೆ ಹೋಳಿ ಬಣ್ಣ ಹಾಕಿ ಅರ್ಧ ಗಂಟೆ ಬಿಡಿ. ಬಣ್ಣ ಕಮೋಡಿಗೆ ಇಳಿದರೆ ನೀರು ಹೋಗುತ್ತಿರುವುದು ಅಲ್ಲಿಂದ.

ಶವರ್ ತೋಳಿನ ಪರೀಕ್ಷೆ. ಮಿಕ್ಸರಿನಿಂದ ಶವರ್ ತಲೆಗೆ ಏರುವ ತುಂಡು ಪೈಪಿನಲ್ಲಿ ಒತ್ತಡ ಬರುವುದು ಶವರ್ ತಿರುಗಿಸಿದಾಗ ಮಾತ್ರ. ಆದ್ದರಿಂದ ಟ್ಯಾಂಕಿನ ಪರೀಕ್ಷೆಗೆ ಇದು ಸಿಗುವುದಿಲ್ಲ. ಶವರ್ ತಲೆ ಬಿಚ್ಚಿ ಆ ಬಾಯಿಗೆ ಪ್ಲಗ್ ಹಾಕಿ, ಕವಾಟ ತೆರೆದು ಅರ್ಧ ಗಂಟೆ ಬಿಡಿ. ಗೋಡೆಯ ಮೇಲೆ ಹನಿಯೂ ಬಿದ್ದಿಲ್ಲ. ಆದರೂ ತೇವ ಗೆರೆ ದಾಟಿತೆಂದರೆ ಗೋಡೆಯೊಳಗಿನ ಜೋಡಣೆ ಸೋರುತ್ತಿದೆ. ತಣ್ಣೀರಿಗೆ ಒಮ್ಮೆ, ಬಿಸಿನೀರಿಗೆ ಒಮ್ಮೆ ಬೇರೆಬೇರೆಯಾಗಿ ಮಾಡಿ. ಬಿಸಿಗೆ ಹಿಗ್ಗಿದಾಗಷ್ಟೇ ಬಿಡುವ ಜೋಡಣೆಗಳೂ ಇರುತ್ತವೆ.

ಜಾಲಿಯ ಪರೀಕ್ಷೆ. ನೆಲ ನೆನೆಯದಂತೆ, ಪೈಪಿನ ತುದಿಯನ್ನು ಜಾಲಿಯೊಳಗೇ ಇಳಿಸಿ ನಾಲ್ಕೈದು ಬಕೆಟ್ ನೀರು ಬಿಡಿ. ತೇವ ಹೆಚ್ಚಿದರೆ ಟ್ರ್ಯಾಪ್ ಅಥವಾ ಅದರ ಮುಂದಿನ ಪೈಪು ಒಡೆದಿದೆ.

ನಿಲ್ಲಿಸಿದ ನೀರಿನ ಪರೀಕ್ಷೆ. ಜಾಲಿಯ ಬಾಯಿಗೆ ಪ್ಲಾಸ್ಟಿಕ್ ಸುತ್ತಿದ ಬಟ್ಟೆ ಗಿಡಿದು ನೆಲದ ಮೇಲೆ ಒಂದಿಂಚು ನೀರು ನಿಲ್ಲಿಸಿ. ಗೋಡೆಯ ಮೇಲೆ ಮಟ್ಟದ ಗುರುತು ಮಾಡಿ, ಬಾಗಿಲು ಹಾಕಿ 24 ಗಂಟೆ ಬಿಡಿ. ಬೇಸಿಗೆ 40 ಡಿಗ್ರಿ ದಾಟುವ ಈ ಊರುಗಳಲ್ಲಿ ಸ್ವಲ್ಪ ನೀರು ಆವಿಯಾಗಿಯೂ ಹೋಗುತ್ತದೆ. ಅದಕ್ಕಾಗಿ ಪಕ್ಕದಲ್ಲೇ ಅಗಲವಾದ ತಾಟಿನಲ್ಲಿ ನೀರಿಟ್ಟು ಗುರುತು ಮಾಡಿ. ತಾಟಿಗಿಂತ ನೆಲದ ನೀರು ಹೆಚ್ಚು ಇಳಿದಿದ್ದರೆ ನೆಲ ಸೋರುತ್ತಿದೆ. ಮಹಡಿಯ ಬಚ್ಚಲಾದರೆ ನೀರಿಗೆ ಬಣ್ಣ ಬೆರೆಸಿ, ಕೆಳಗಿನ ಛತ್ತಿನಲ್ಲಿ ಬಣ್ಣ ಎಲ್ಲಿ ಕಾಣಿಸಿತು ನೋಡಿ. ಎರೆ ನೆಲದ ಮೇಲಿನ ಕೆಳಮನೆಯಲ್ಲಿ ಈ ಪರೀಕ್ಷೆಯನ್ನು ಪದೇಪದೇ ಮಾಡಬೇಡಿ. ಮಣ್ಣಿಗೆ ನೀವೇ ನೀರುಣಿಸಿದಂತಾಗುತ್ತದೆ.

ಗೋಡೆಯ ಪರೀಕ್ಷೆ. ಕೊನೆಗೆ ಚರಿಗೆಯಿಂದ ಗೋಡೆಗೆ ನೀರು ಹೊಯ್ಯಿರಿ. ಮೊದಲು ಮೊಣಕಾಲೆತ್ತರಕ್ಕೆ, ಅದು ಸರಿಯಿದ್ದರೆ ಸೊಂಟದೆತ್ತರಕ್ಕೆ, ನಂತರ ಮೇಲೆ. ಮೇಲಿನಿಂದ ಶುರು ಮಾಡಿದರೆ ನೀರು ಕೆಳಗಿನ ಸಂದನ್ನೂ ನೆನೆಸಿಬಿಡುತ್ತದೆ, ಉತ್ತರ ಸಿಗುವುದಿಲ್ಲ.

ಸಂದುಗಳು ಬಾಯಿ ಬಿಡುವುದೇಕೆ

ಬೋರ್‌ವೆಲ್ಲಿನ ಗಡಸು ನೀರಿಗೆ ಟೈಲ್ಸ್ ಮೇಲೆ ಬಿಳಿ ಕರೆ ಕಟ್ಟುತ್ತದೆ. ಅದನ್ನು ತೆಗೆಯಲು ಬಾಟಲಿಯಲ್ಲಿ ಮಾರುವ ಆ್ಯಸಿಡ್ ಸುರಿಯುವುದು ಮನೆಮನೆಯ ಅಭ್ಯಾಸ. ಕರೆ ಹೋಗುತ್ತದೆ, ಜೊತೆಗೆ ಸಂದಿನಲ್ಲಿ ತುಂಬಿದ ಸಿಮೆಂಟೂ ಕರಗುತ್ತದೆ. ಹಳೆಯ ಬಚ್ಚಲುಗಳಿಗೆ ಹಾಸಿದ ಶಹಾಬಾದಿ ಫರಸಿಯಂತೂ ಸುಣ್ಣದ ಕಲ್ಲು; ಆ್ಯಸಿಡ್ ಕಲ್ಲನ್ನೇ ತಿನ್ನುತ್ತದೆ. ಬ್ರಷ್, ಸಾಬೂನಿನ ಪುಡಿ ಹಿಡಿದು ವಾರಕ್ಕೊಮ್ಮೆ ತಿಕ್ಕುವುದು ಮನೆಗೂ ಕ್ಷೇಮ, ತಿಕ್ಕುವವರ ಉಸಿರಿಗೂ ಕ್ಷೇಮ. ಕರೆ ಕಟ್ಟಿದ ಶವರ್ ತಲೆಯನ್ನು ಬಿಚ್ಚಿ, ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಹಾಕಿದರೆ ತೂತುಗಳು ತೆರೆದುಕೊಳ್ಳುತ್ತವೆ.

ಎರಡನೆಯ ಕಾರಣ ಬಿಸಿಲು. ಮಾಳಿಗೆಯ ಮೇಲೆ ಬಯಲಿನಲ್ಲಿ ಹಾದ ಪ್ಲಾಸ್ಟಿಕ್ ಪೈಪು ವರ್ಷಗಟ್ಟಲೆ ಬಿಸಿಲುಂಡು ಪೆಡಸಾಗಿ ಸೀಳುತ್ತದೆ. ಅದಕ್ಕೆ ಬಣ್ಣ ಬಳಿಯಿರಿ, ಇಲ್ಲವೇ ಮುಚ್ಚಿಡಿ. ಬಿಸಿನೀರಿಗೆ ಸಿಪಿವಿಸಿ ಪೈಪನ್ನೇ ಹಾಕಿ, ಅದನ್ನು ಅಂಟಿಸಲು ಸಿಪಿವಿಸಿಗೆಂದೇ ಇರುವ ಅಂಟನ್ನೇ ಬಳಸಿ. ಸಾಮಾನ್ಯ ಪಿವಿಸಿ ಅಂಟು ಬಿಸಿಗೆ ಬಿಟ್ಟುಕೊಳ್ಳುತ್ತದೆ.

ಮೂರನೆಯದು ನೆಲದ ಅಲುಗಾಟ. ಪ್ರವಾಸಕ್ಕೆ ಒಯ್ಯುವ ಕ್ಯಾರವಾನ್ ಗಾಡಿಗಳ ಶವರ್ ಮೂಲೆಗೆ ಯಾರೂ ಸಿಮೆಂಟ್ ತುಂಬುವುದಿಲ್ಲ, ರಸ್ತೆಯ ಕುಲುಕಾಟಕ್ಕೆ ಅದು ಬಿರಿಯುತ್ತದೆ. ಬಾಗಿ ಬಳುಕುವ ಸಿಲಿಕೋನನ್ನೇ ಹಾಕುತ್ತಾರೆ. ಎರೆ ಮಣ್ಣಿನ ಮೇಲಿನ ಮನೆಯೂ ಋತುವಿಗೊಮ್ಮೆ ಕೂದಲೆಳೆಯಷ್ಟು ಅಲುಗುತ್ತದೆ. ಆದ್ದರಿಂದ ಅದರ ಬಚ್ಚಲ ಮೂಲೆಗೂ ಬಿಳಿ ಸಿಮೆಂಟ್ ಸಾಲದು.

ದುರಸ್ತಿ

ಸಂದು ಮಾತ್ರ ಕೆಟ್ಟಿದ್ದರೆ ಟೈಲ್ಸ್ ಒಡೆಯಬೇಕಿಲ್ಲ. ಹಳೆಯ ಸಿಮೆಂಟನ್ನು ಟೈಲ್ಸ್ ದಪ್ಪದ ಅರ್ಧಕ್ಕಿಂತ ಹೆಚ್ಚು ಆಳಕ್ಕೆ ಕೆರೆದು ತೆಗೆಯಿರಿ, ಧೂಳು ಹೊಡೆಯಿರಿ, ಪೂರ್ತಿ ಒಣಗಲು ಬಿಡಿ, ಎಪಾಕ್ಸಿ ಗ್ರೌಟ್ ತುಂಬಿರಿ. ಅದು ನೀರು ಕುಡಿಯುವುದಿಲ್ಲ. ಹಳೆಯದರ ಮೇಲೆ ತೆಳ್ಳಗೆ ಸವರಿದ್ದು ಬೇಗ ಕಿತ್ತುಬರುತ್ತದೆ.

ಮೂಲೆಗಳಿಗೆ, ನಳದ ಸುತ್ತಿನ ತೂತುಗಳಿಗೆ ಸಿಲಿಕೋನ್ ಹಾಕಿ. ಹಳೆಯ ಸಿಲಿಕೋನನ್ನು ಬ್ಲೇಡಿನಿಂದ ಪೂರ್ತಿ ಕಿತ್ತು, ಸ್ಪಿರಿಟ್ಟಿನಿಂದ ಒರೆಸಿ, ಒಣಗಿದ ಮೇಲೆ ಹೊಸದನ್ನು ಹಾಕಬೇಕು. ಹಳೆಯದರ ಮೇಲೆ ಹೊಸದು ಹಿಡಿಯುವುದಿಲ್ಲ. ವಿನೆಗರ್ ವಾಸನೆ ಬರುವ ಬಗೆ ಫರಸಿಗೂ ಸಿಮೆಂಟಿಗೂ ಹೊಂದುವುದಿಲ್ಲ, ಅಂಗಡಿಯಲ್ಲಿ ನ್ಯೂಟ್ರಲ್ ಸಿಲಿಕೋನ್ ಎಂದು ಕೇಳಿ. ಒಂದು ದಿನ ನೀರು ತಾಗಿಸಬೇಡಿ.

ಶವರ್ ತೋಳಿನ ಜೋಡಣೆ ಸೋರಿದರೆ ತೋಳನ್ನು ತಿರುಗಿಸಿ ಬಿಚ್ಚಿ, ತಿರುಪಿನ ಮರೆಗಳನ್ನು ಒರೆಸಿ, ಟೆಫ್ಲಾನ್ ಟೇಪನ್ನು ಬಿಗಿಯುವ ದಿಕ್ಕಿನಲ್ಲೇ ಸುತ್ತಿ ಮತ್ತೆ ಕೂರಿಸಿ. ಎದುರು ದಿಕ್ಕಿಗೆ ಸುತ್ತಿದ ಟೇಪು ಬಿಗಿಯುವಾಗ ಬಿಚ್ಚಿಕೊಳ್ಳುತ್ತದೆ.

ಟ್ರ್ಯಾಪೇ ಒಡೆದಿದ್ದರೆ, ಇಲ್ಲವೇ ನೆಲದ ಕೆಳಗಿನ ಜಲನಿರೋಧಕ ಲೇಪನ ಕೆಟ್ಟಿದ್ದರೆ, ಆಗ ಮಾತ್ರ ಒಡೆಯಬೇಕು. ಮೂಲೆಗಳನ್ನು ಸಿಮೆಂಟಿನಿಂದ ದುಂಡಗೆ ಮಾಡಿಸಿ, ಪಾಲಿಮರ್ ಸೇರಿದ ಲೇಪನವನ್ನು ಎರಡು ಸಲ, ಎರಡನೆಯದನ್ನು ಮೊದಲಿನದಕ್ಕೆ ಅಡ್ಡವಾಗಿ, ಬಳಿಸಿ. ಗೋಡೆಗೆ ಕನಿಷ್ಠ ಒಂದು ಅಡಿ, ಶವರ್ ಇರುವ ಗೋಡೆಗೆ ಆಳೆತ್ತರದವರೆಗೂ ಅದು ಏರಿರಲಿ. ನೆಲ ಜಾಲಿಯ ಕಡೆಗೆ ಮೀಟರಿಗೆ ಸುಮಾರು ಒಂದೂವರೆ ಸೆಂಟಿಮೀಟರ್ ಇಳಿದಿರಲಿ.

ಎರಡು ಎಚ್ಚರಿಕೆ

ತೇವದ ಗೋಡೆಯಲ್ಲಿ ಸ್ವಿಚ್ ಬೋರ್ಡ್ ಅಥವಾ ಗೀಸರ್ ಇದ್ದರೆ ಮೊದಲು ಮೇನ್ ಬಂದ್ ಮಾಡಿ. ಗೋಡೆ, ನಳ ಮುಟ್ಟಿದಾಗ ಜುಮ್ಮೆಂದರೆ ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಆ ಬಚ್ಚಲಿಗೆ ಯಾರೂ ಕಾಲಿಡಬಾರದು. ಸೋರುವ ವಿದ್ಯುತ್ತನ್ನು ತಕ್ಷಣ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಪ್ರತಿ ಮನೆಯಲ್ಲೂ ಇರಲೇಬೇಕು.

ಬಚ್ಚಲ ಹೊರಪೈಪು ಸೋರುವ ಕಡೆಯಲ್ಲೇ ಕುಡಿಯುವ ನೀರಿನ ಪೈಪು ಹಾದಿದೆಯೇ ಎಂದೂ ನೋಡಿ. ನೀರು ಬಿಡುವ ಹೊತ್ತು ಮುಗಿದು ಪೈಪಿನಲ್ಲಿ ಒತ್ತಡ ಇಳಿದಾಗ, ಅದರ ಸಣ್ಣ ಸೀಳಿನಿಂದಲೂ ಸುತ್ತಲಿನ ಕೊಳಕು ಒಳಸೇರಬಹುದು. 2022ರ ಬೇಸಿಗೆಯ ಕೊನೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಹಲವರು ಹಾಸಿಗೆ ಹಿಡಿದರು, ಸಾವುಗಳೂ ಆದವು. ನೀರಿನ ಪೈಪಿನ ಆರೋಗ್ಯ ಎಂದರೆ ಮನೆಮಂದಿಯ ಆರೋಗ್ಯ ಎಂಬುದನ್ನು ಈ ಊರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಹೊಸದಾಗಿ ಕಟ್ಟಿಸುವವರಿಗೆ

ಟೈಲ್ಸ್ ಹಾಕುವ ಮುನ್ನ ಲೇಪನದ ಮೇಲೆ 24ರಿಂದ 48 ಗಂಟೆ ನೀರು ನಿಲ್ಲಿಸಿ ನೋಡಿ. ಗೋಡೆಯೊಳಗೆ ಪೈಪು ಹಾದ ದಾರಿಯ ಫೋಟೊ ತೆಗೆದಿಡಿ, ಮುಂದೆ ಮೊಳೆ ಹೊಡೆಯುವಾಗಲೂ ಬೇಕಾಗುತ್ತದೆ. ಪ್ರತಿ ಬಚ್ಚಲಿಗೂ ಬೇರೆ ಕವಾಟ ಇಡಿಸಿ. ಎರೆ ನೆಲವಾದರೆ ಬಚ್ಚಲ ಕೆಳಗಿನ ಮಣ್ಣು ತೆಗೆಸಿ ಗರಸು ತುಂಬಿಸಿ, ಮನೆಯ ಸುತ್ತ ಹೊರಕ್ಕೆ ಇಳಿಜಾರಾದ ಒಂದು ಮೀಟರ್ ಅಗಲದ ಕಟ್ಟೆ ಮಾಡಿಸಿ. ಗೌಂಡಿ, ಪ್ಲಂಬರ್ ಇಬ್ಬರೊಂದಿಗೂ ಕೆಲಸ ಒಪ್ಪಿಸುವಾಗಲೇ ಮಾತಾಡಿಕೊಳ್ಳಿ: ಕೊನೆಯ ಕಂತಿನ ಹಣ, ನಿಲ್ಲಿಸಿದ ನೀರಿನ ಪರೀಕ್ಷೆ ಪಾಸಾದ ಮೇಲೆ. ಒಳ್ಳೆಯ ಕೆಲಸಗಾರರು ಈ ಮಾತಿಗೆ ಹಿಂಜರಿಯುವುದಿಲ್ಲ; ಅವರ ಕೆಲಸಕ್ಕೆ ಸಿಗಬೇಕಾದ ಮನ್ನಣೆಯೂ ಅದೇ.