ಗಾಲ್ಫ್ ಮೈದಾನ ಮತ್ತು ವನ್ಯಧಾಮ: ದಕ್ಷಿಣ ಆಫ್ರಿಕದ ವಿಹಾರಪ್ರವಾಸವನ್ನು ಕುರಿತು

ನಮ್ಮ ಹಿಂದಿನವರಿಗೆ ದೂರ ಪ್ರಯಾಣವೆಂದರೆ ಬಹುಮಟ್ಟಿಗೆ ತೀರ್ಥಯಾತ್ರೆಯೇ ಆಗಿತ್ತು. ವಿಹಾರವೇ ಉದ್ದೇಶವಾಗುಳ್ಳ ವಿದೇಶಪ್ರವಾಸ ಈಚಿನ ಕಾಲದ್ದು. ಅದರಲ್ಲಿಯೂ ಗಾಲ್ಫ್ ಆಟ, ಪ್ರೇಕ್ಷಣೀಯ ಸ್ಥಳಗಳ ಸಂದರ್ಶನ, ವನ್ಯಮೃಗವೀಕ್ಷಣೆ ಈ ಮೂರನ್ನೂ ಒಂದೇ ಪ್ರಯಾಣದಲ್ಲಿ ಸೇರಿಸುವ ರೂಢಿ ದಕ್ಷಿಣ ಆಫ್ರಿಕದಲ್ಲಿ ಚೆನ್ನಾಗಿ ಬೇರೂರಿದೆ. ಈ ಸಂಯೋಗಕ್ಕೆ ಪ್ರಕೃತಿಯಲ್ಲಿ ಯಾವ ಕಾರಣಗಳುಂಟು, ಇದರ ಹಿಂದಿರುವ ಚರಿತ್ರೆ ಯಾವುದು ಎಂಬ ಎರಡು ಪ್ರಶ್ನೆಗಳನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸುತ್ತೇವೆ.

1. ಋತುಮಾನದ ವಿಚಾರ

ದಕ್ಷಿಣ ಆಫ್ರಿಕ ಒಂದೇ ದೇಶವಾದರೂ ಅದರ ಮಳೆಗಾಲ ಒಂದೇ ಅಲ್ಲ. ಕ್ರೂಗರ್ ರಾಷ್ಟ್ರೀಯ ವನವಿರುವ ಈಶಾನ್ಯಭಾಗದಲ್ಲಿ ಅಲ್ಲಿಯ ಬೇಸಗೆಯಲ್ಲಿ, ಎಂದರೆ ಅಕ್ಟೋಬರಿನಿಂದ ಮಾರ್ಚಿಯವರೆಗೆ, ಮಳೆ ಬೀಳುತ್ತದೆ. ಕೇಪ್‌ಟೌನಿನ ಸುತ್ತಣ ನೈಋತ್ಯಭಾಗದಲ್ಲಾದರೋ ಜೂನಿನಿಂದ ಆಗಸ್ಟಿನವರೆಗಿನ ಚಳಿಗಾಲವೇ ಮಳೆಗಾಲ. ಮೃಗಗಳನ್ನು ನೋಡುವುದಕ್ಕೆ ಒಣ ಚಳಿಗಾಲವೇ ಪ್ರಶಸ್ತ. ಆಗ ಹುಲ್ಲು ತೆಳುವಾಗಿ, ಉಳಿದ ನೀರಿನ ನೆಲೆಗಳಿಗೆ ಪ್ರಾಣಿಗಳು ಗುಂಪುಗೂಡಿ ಬರುತ್ತವೆ. ಮಲೇರಿಯದ ಅಪಾಯವೂ ಆಗ ಕಡಮೆ. ಆದರೆ ಅದೇ ತಿಂಗಳುಗಳಲ್ಲಿ ಕೇಪಿನ ಮೈದಾನಗಳು ಮಳೆಗಾಳಿಗೆ ಸಿಕ್ಕಿರುತ್ತವೆ. ಎತ್ತರದ ಪ್ರಸ್ಥಭೂಮಿಯಲ್ಲಿ ಹುಲ್ಲು ಕಂದಿರುತ್ತದೆ. ಆದುದರಿಂದ ಮೂರೂ ಉದ್ದೇಶಗಳು ಒಂದಿಷ್ಟು ಹೊಂದಿಬರುವುದು ಸಂಧಿಕಾಲಗಳಾದ ಏಪ್ರಿಲ್ ಮತ್ತು ಸೆಪ್ಟೆಂಬರ್‌ಗಳಲ್ಲಿ. ಇನ್ನೊಂದು ವಿಶೇಷವನ್ನೂ ಗಮನಿಸಬಹುದು: ಜೋಹಾನ್ಸ್‌ಬರ್ಗ್ ಸಮುದ್ರಮಟ್ಟಕ್ಕಿಂತ ಸುಮಾರು 1,750 ಮೀಟರ್ ಎತ್ತರದಲ್ಲಿರುವುದರಿಂದ, ಅಲ್ಲಿಯ ತೆಳುಗಾಳಿಯಲ್ಲಿ ಹೊಡೆದ ಚೆಂಡು ಕರಾವಳಿಯ ಡರ್ಬನ್ನಿನಲ್ಲಿ ಹೋಗುವುದಕ್ಕಿಂತ ಹೆಚ್ಚು ದೂರ ಹೋಗುತ್ತದೆ.

2. ಆಟದ ಬಯಲಿನಲ್ಲಿ ಮೃಗಗಳು

ಕೇಪ್‌ಟೌನಿನಲ್ಲಿ ಗಾಲ್ಫ್ ಸಂಘ ಸ್ಥಾಪನೆಯಾದದ್ದು 1885ರಲ್ಲಿ. ಆದರೆ ಆಟವೂ ಅರಣ್ಯವೂ ನಿಜವಾಗಿ ಸಂಧಿಸುವುದು ಕ್ರೂಗರ್ ವನದಲ್ಲಿ. ಅಲ್ಲಿನ ಸ್ಕುಕೂಜಾ ಎಂಬಲ್ಲಿ ವನದ ಸಿಬ್ಬಂದಿಗಾಗಿ 1972ರಲ್ಲಿ ಒಂಬತ್ತು ಕುಳಿಗಳ ಮೈದಾನವೊಂದನ್ನು ಮಾಡಿದರು. ಇದಕ್ಕೆ ಬೇಲಿಯಿಲ್ಲ. ಇಂಪಾಲ ಜಿಂಕೆಗಳು ಆಟಗಾರರ ನಡುವೆಯೇ ಮೇಯುತ್ತವೆ; ಪಕ್ಕದ ಕೊಳದಲ್ಲಿ ನೀರಾನೆಗಳಿವೆ. ಹಾನಿಗೆ ತಾವೇ ಹೊಣೆಯೆಂದು ಆಟಗಾರರು ಮೊದಲೇ ಸಹಿ ಹಾಕಿಕೊಡಬೇಕು. ಇದರಲ್ಲಿ ಆಶ್ಚರ್ಯಕ್ಕೆ ಎಡೆಯಿಲ್ಲ. ಸುತ್ತಲಿನ ಕಾಡು ಒಣಗಿದ ಕಾಲದಲ್ಲಿ ನೀರುಣಿಸಿದ ಹಸುರು ಮೇವಿನ ಪ್ರಾಣಿಗಳನ್ನು ಸೆಳೆಯುತ್ತದೆ. ಮೇಯುವ ಪ್ರಾಣಿ ಬಂದೆಡೆಗೆ ಕೊಲ್ಲುವ ಪ್ರಾಣಿಯೂ ಬರುತ್ತದೆ. ಗಾಲ್ಫಿನ ನಿಯಮಾವಳಿಯೂ ಇದನ್ನು ಬಲ್ಲುದು: ಚೆಂಡು ಅಪಾಯಕಾರಿ ಪ್ರಾಣಿಯ ಬಳಿ ಬಿದ್ದರೆ, ದಂಡವಿಲ್ಲದೆ ಅದನ್ನು ಸುರಕ್ಷಿತಸ್ಥಳಕ್ಕೆ ತೆಗೆದಿಟ್ಟು ಆಡಬಹುದು.

3. ಹಿಂದಿನ ಚರಿತ್ರೆ

ಈ ಹಸುರು ಬಯಲುಗಳನ್ನು ಚರಿತ್ರೆಯಿಲ್ಲದ ನೆಲವೆಂದು ಭಾವಿಸತಕ್ಕದ್ದಲ್ಲ. 1898ರಲ್ಲಿ ಘೋಷಿತವಾದ ಸಾಬೀ ಮೃಗಧಾಮವೇ ಬೆಳೆದು 1926ರಲ್ಲಿ ಕ್ರೂಗರ್ ರಾಷ್ಟ್ರೀಯ ವನವಾಯಿತು. ಅದರ ಮೊದಲ ಪಾಲಕ ಜೇಮ್ಸ್ ಸ್ಟೀವನ್‌ಸನ್-ಹ್ಯಾಮಿಲ್ಟನ್‌ಗೆ ಸ್ಥಳೀಯರು ಇಟ್ಟ ಹೆಸರು 'ಸ್ಕುಕೂಜಾ'. ಗುಡಿಸಿಹಾಕಿದವನು ಎಂಬುದು ಅದರ ಭಾವ. ಹಳ್ಳಿಯ ಜನರನ್ನು ಆತ ಹೊರಗೆ ಹಾಕಿದ್ದನ್ನು ಆ ಹೆಸರು ಇಂದಿಗೂ ಹೇಳುತ್ತಿದೆ. ವನದ ಉತ್ತರತುದಿಯಲ್ಲಿದ್ದ ಮಕುಲೆಕೆ ಜನರನ್ನು ಸರ್ಕಾರ 1969ರಲ್ಲಿ ಎಬ್ಬಿಸಿ ಕಳುಹಿಸಿತು. ವರ್ಣನೀತಿ ಅಳಿದ ಮೇಲೆ, 1998ರಲ್ಲಿ, ಆ ಭೂಮಿಯ ಒಡೆತನ ಅವರಿಗೆ ಹಿಂದಿರುಗಿತು. ಅವರು ಅದನ್ನು ಉಳದೆ, ವನದ ಅಂಗವಾಗಿಯೇ ಉಳಿಸಿಕೊಂಡು, ಪ್ರವಾಸಿಗಳಿಂದ ಆದಾಯ ಪಡೆಯುವ ಮಾರ್ಗವನ್ನು ಆರಿಸಿಕೊಂಡರು.

1979ರಲ್ಲಿ ತೆರೆದ ಸನ್ ಸಿಟಿಯ ಕಥೆ ಬೇರೊಂದು ಬಗೆಯದು. ದಕ್ಷಿಣ ಆಫ್ರಿಕದಲ್ಲಿ ನಿಷಿದ್ಧವಾಗಿದ್ದ ಜೂಜಿಗೆ ಬೋಫುತತ್ಸ್ವಾನ ಎಂಬ ನಾಮಮಾತ್ರದ ಸ್ವತಂತ್ರ ಸೀಮೆಯಲ್ಲಿ ಅವಕಾಶವಿದ್ದುದೇ ಅದರ ಮೂಲ. ಅದೇ ವರ್ಷ ನೆರೆಯ ಪಿಲಾನೆಸ್‌ಬರ್ಗಿನಲ್ಲಿ, ಪುರಾತನ ಅಗ್ನಿಪರ್ವತವೊಂದು ಸವೆದುಳಿದ ಬೆಟ್ಟಗಳ ವಲಯದಲ್ಲಿ, ವನ್ಯಧಾಮವನ್ನು ತೆರೆದು, ಬೇರೆಡೆಗಳಿಂದ ಸುಮಾರು 6,000 ಪ್ರಾಣಿಗಳನ್ನು ತಂದು ಬಿಟ್ಟರು. ಇಂದು ಪ್ರವಾಸಿಯು ಬೆಳಗ್ಗೆ ಘೇಂಡಾಮೃಗವನ್ನು ಕಂಡು ಮಧ್ಯಾಹ್ನ ಗಾಲ್ಫ್ ಆಡಬಲ್ಲನಾದರೆ, ಅದು ಪ್ರಕೃತಿಯೊಂದರ ಕೊಡುಗೆಯಲ್ಲ. ಮಾನವನ ಏರ್ಪಾಟೂ ಹೌದು. ಬೋಫುತತ್ಸ್ವಾನ 1994ರಲ್ಲಿ ದೇಶದಲ್ಲಿ ಮತ್ತೆ ಸೇರಿಹೋಯಿತು. ಮೈದಾನ, ಮೃಗಗಳು ಮಾತ್ರ ಉಳಿದವು.

ಭಾರತೀಯರಾದ ನಮಗೆ ಇನ್ನೂ ಹತ್ತಿರದ ಪ್ರಸಂಗ ಡರ್ಬನ್ನಿನದು. 1860ರಿಂದ ಕರಾರುಕೂಲಿಗಳಾಗಿ ನಮ್ಮ ದೇಶದವರು ಅಲ್ಲಿಯ ಕಬ್ಬಿನ ತೋಟಗಳಿಗೆ ಹೋದರು. ಆ ಸಮಾಜದಲ್ಲಿ ಹುಟ್ಟಿದ ಪಾಪ್ವಾ ಸೆವ್‌ಗೋಲಂ ಇತರರ ಗಾಲ್ಫ್ ಚೀಲ ಹೊರುತ್ತ ಆಟ ಕಲಿತವನು. ಎಲ್ಲರೂ ಎಡಗೈಯನ್ನು ಮೇಲಿಟ್ಟು ದಾಂಡನ್ನು ಹಿಡಿದರೆ ಈತ ಅದನ್ನು ಕೆಳಗಿಟ್ಟು ಹಿಡಿಯುತ್ತಿದ್ದ; ಆ ಹಿಡಿತದಿಂದಲೇ 1959ರಲ್ಲಿ ಡಚ್ ಓಪನ್ ಗೆದ್ದ. 1963ರಲ್ಲಿ ನಟಾಲ್ ಓಪನ್ ಗೆದ್ದಾಗ, ಸಂಘಭವನದೊಳಕ್ಕೆ ಭಾರತೀಯರಿಗೆ ಪ್ರವೇಶವಿಲ್ಲದ್ದರಿಂದ, ಹೊರಗೆ ಮಳೆಯಲ್ಲಿ ನಿಂತು ಬಹುಮಾನ ಸ್ವೀಕರಿಸಬೇಕಾಯಿತು. ಡರ್ಬನ್ನಿನ ನಗರಾಡಳಿತದ ಮೈದಾನವೊಂದಕ್ಕೆ ಮುಂದೆ ಈತನ ಹೆಸರನ್ನೇ ಇಟ್ಟರು.

4. ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಆಟ, ದರ್ಶನ, ಮೃಗವೀಕ್ಷಣೆ ಈ ಮೂರಕ್ಕೂ ಬೇಕಾದ ಋತು ಬೇರೆಬೇರೆಯಾದುದರಿಂದ, ಇವುಗಳ ಸಂಯೋಗ ಯೋಜನೆಯಿಂದ ಮಾತ್ರ ಸಾಧ್ಯ. ಎರಡನೆಯದು ಇದಕ್ಕಿಂತ ಮುಖ್ಯವಾದದ್ದು: ಮೈದಾನಕ್ಕಾಗಲಿ ವನಕ್ಕಾಗಲಿ ಒಂದು ಎಲ್ಲೆಯನ್ನು ಎಳೆದಾಗ, ಅದರೊಳಗೆ ಯಾರು ಉಳಿದರು, ಹೊರಗೆ ಯಾರು ನಿಂತರು ಎಂಬುದನ್ನು ವಿದ್ಯಾರ್ಥಿಯಾದವನು ಕೇಳಲೇಬೇಕು. ಪ್ರವಾಸಿಯು ಕಾಣುವ ಹಸುರಿನಲ್ಲಿ ಮಳೆಯ ಪಾಲೆಷ್ಟೋ ಆ ಎಲ್ಲೆಗಳ ಪಾಲೂ ಅಷ್ಟೇ ಇದೆ.