ಊರು ಅಲ್ಲಿಯೇ, ವಿಳಾಸ ಬೇರೆ: ಜನಗಣತಿಗೆ ರಾಜ್ಯವನ್ನು ವಿಂಗಡಿಸುವುದು ಹೇಗೆ?

ಕೊಪ್ಪಳ: ತುಂಗಭದ್ರಾ ಜಲಾಶಯದ ಹೂಳಿಗೆ ಪರ್ಯಾಯವಾಗಿ ಪ್ರಸ್ತಾಪಿಸಲಾದ ಸಮಾನಾಂತರ ಜಲಾಶಯದಿಂದಾಗಿ ರಾಜ್ಯದೆಲ್ಲೆಡೆ ಹೆಸರು ಕೇಳಿಬಂದ ಊರು ನವಲಿ. ಈ ಗ್ರಾಮ ತಾನಿದ್ದ ಸ್ಥಳದಿಂದ ಕದಲಿಲ್ಲ. ಆದರೆ ಜನಗಣತಿಯ ಪುಸ್ತಕಗಳಲ್ಲಿ ಅದರ ವಿಳಾಸ ಮಾತ್ರ ಮತ್ತೆ ಮತ್ತೆ ಬದಲಾಗಿದೆ.

1951ರ ಗಣತಿಯಲ್ಲಿ ನವಲಿಯು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಗೆ ಸೇರಿತ್ತು. 1956ರ ರಾಜ್ಯ ಪುನರ್ವಿಂಗಡಣೆಯ ನಂತರ, 1961 ಮತ್ತು 1971ರಲ್ಲಿ ಅದು ಮೈಸೂರು ರಾಜ್ಯದ ಲೆಕ್ಕಕ್ಕೆ ಬಂತು. 1973ರಲ್ಲಿ ರಾಜ್ಯದ ಹೆಸರು ಬದಲಾದುದರಿಂದ 1981 ಮತ್ತು 1991ರಲ್ಲಿ ಕರ್ನಾಟಕದ ರಾಯಚೂರು ಜಿಲ್ಲೆಯ ಗ್ರಾಮವಾಯಿತು. 1997ರಲ್ಲಿ ಕೊಪ್ಪಳ ಜಿಲ್ಲೆ ರಚನೆಯಾದ ಬಳಿಕ 2001 ಮತ್ತು 2011ರಲ್ಲಿ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಕೋಷ್ಟಕದಲ್ಲಿ ಕಾಣಿಸಿಕೊಂಡಿತು. ಈಗ ಅದು ಕನಕಗಿರಿ ತಾಲ್ಲೂಕಿನ ಗ್ರಾಮ. 2027ರ ಜನಗಣತಿಯಲ್ಲಿ ಮತ್ತೊಂದು ಹೊಸ ವಿಳಾಸ.

ಇದು ಕೇವಲ ಕಾಗದದ ಮೇಲಿನ ಬದಲಾವಣೆಯಲ್ಲ. ಯಾವ ಗೆರೆಯೊಳಗೆ ಎಣಿಸಲಾಯಿತು ಎಂಬುದರ ಮೇಲೆಯೇ ಒಂದು ಜನವಸತಿಯ ಸಂಖ್ಯೆ ಸರ್ಕಾರದ ಕಣ್ಣಿಗೆ ಪ್ರತ್ಯೇಕವಾಗಿ ಕಾಣುವುದೋ ಇಲ್ಲವೋ ಎಂಬುದು ನಿರ್ಧಾರವಾಗುತ್ತದೆ.

ಮೇಲಿನಿಂದ ಕೆಳಗೆ

ಗಣತಿಯ ವಿಂಗಡಣೆ ಒಂದು ಏಣಿಯಂತೆ. ಮೊದಲು ರಾಜ್ಯ, ನಂತರ ಜಿಲ್ಲೆ, ಅದರ ಕೆಳಗೆ ಉಪಜಿಲ್ಲೆ. ಕರ್ನಾಟಕದಲ್ಲಿ ಉಪಜಿಲ್ಲೆ ಎಂದರೆ ತಾಲ್ಲೂಕು. ತಾಲ್ಲೂಕಿನ ಕೆಳಗೆ ಗ್ರಾಮೀಣ ಭಾಗದಲ್ಲಿ ಗ್ರಾಮ, ನಗರ ಭಾಗದಲ್ಲಿ ಪಟ್ಟಣ ಮತ್ತು ಅದರ ವಾರ್ಡ್‌ಗಳು. 2011ರಲ್ಲಿ ರಾಜ್ಯದಲ್ಲಿ 30 ಜಿಲ್ಲೆ, 176 ತಾಲ್ಲೂಕು, 347 ಪಟ್ಟಣ ಹಾಗೂ 29,340 ಗ್ರಾಮಗಳಿದ್ದವು. ಜನಸಂಖ್ಯೆ 6,10,95,297.

ನವಲಿಯ ಸುತ್ತಮುತ್ತಲಿನವರಿಗೆ ಚಿರಪರಿಚಿತವಾದ 'ಹೋಬಳಿ' ಈ ಏಣಿಯಲ್ಲಿ ಇಲ್ಲವೆಂಬುದು ಗಮನಾರ್ಹ. ಹೋಬಳಿಯು ಕಂದಾಯ ಆಡಳಿತದ ಅನುಕೂಲಕ್ಕೆ ಇರುವ ಘಟಕ. ಗಣತಿಯ ಕೋಷ್ಟಕಗಳು ತಾಲ್ಲೂಕಿನಿಂದ ನೇರವಾಗಿ ಗ್ರಾಮಕ್ಕೆ ಇಳಿಯುತ್ತವೆ.

ಗಣತಿಯಲ್ಲಿ ಗ್ರಾಮ ಎಂದರೆ ನಿಶ್ಚಿತ ಎಲ್ಲೆಗಳುಳ್ಳ ಕಂದಾಯ ಗ್ರಾಮ. ಅಲ್ಲಿ ಜನವಸತಿ ಇರಲೇಬೇಕೆಂಬ ನಿಯಮವಿಲ್ಲ. ಜನರಿಲ್ಲದ, ಆಡುಮಾತಿನಲ್ಲಿ 'ಬೇಚರಾಕ್' ಎನ್ನಲಾಗುವ ಗ್ರಾಮಗಳೂ ಪಟ್ಟಿಯಲ್ಲಿ ಉಳಿಯುತ್ತವೆ. ಇದಕ್ಕೆ ಪ್ರತಿಯಾಗಿ, ನೂರಾರು ಜನ ವಾಸಿಸುವ ತಾಂಡಾ, ಹಟ್ಟಿ ಅಥವಾ ಕ್ಯಾಂಪು ಕಂದಾಯ ಗ್ರಾಮವೆಂದು ಘೋಷಣೆಯಾಗದಿದ್ದರೆ ಅದಕ್ಕೆ ಗಣತಿಯಲ್ಲಿ ಪ್ರತ್ಯೇಕ ಸಾಲು ಇರುವುದಿಲ್ಲ.

ಪಟ್ಟಣಗಳು ಎರಡು ಬಗೆ

ಮಹಾನಗರ ಪಾಲಿಕೆ, ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳಂತಹ ಶಾಸನಬದ್ಧ ಸ್ಥಳೀಯ ಸಂಸ್ಥೆ ಇರುವ ಊರುಗಳು ಮೊದಲ ಬಗೆಯವು. ಎರಡನೆಯದು 'ಗಣತಿ ಪಟ್ಟಣ'. ಇದಕ್ಕೆ ಮೂರು ಮಾನದಂಡಗಳಿವೆ. ಕನಿಷ್ಠ 5,000 ಜನಸಂಖ್ಯೆ ಇರಬೇಕು. ಮುಖ್ಯ ದುಡಿಮೆಗಾರ ಪುರುಷರಲ್ಲಿ ಕನಿಷ್ಠ ಶೇ 75ರಷ್ಟು ಮಂದಿ ಕೃಷಿಯೇತರ ಕಸುಬಿನಲ್ಲಿರಬೇಕು. ಪ್ರತಿ ಚದರ ಕಿಲೋಮೀಟರಿಗೆ ಕನಿಷ್ಠ 400 ಜನಸಾಂದ್ರತೆ ಇರಬೇಕು. ಮೂರೂ ಪೂರೈಸಿದರೆ, ಆಡಳಿತ ಗ್ರಾಮ ಪಂಚಾಯಿತಿಯದೇ ಆಗಿದ್ದರೂ ಗಣತಿಯ ದೃಷ್ಟಿಯಲ್ಲಿ ಅದು ಪಟ್ಟಣ. 2011ರಲ್ಲಿ ರಾಜ್ಯದ 347 ಪಟ್ಟಣಗಳ ಪೈಕಿ 127 ಇಂತಹವು. ಅಲ್ಲಿನ ನಿವಾಸಿಗಳು ಅಂಕಿಅಂಶದಲ್ಲಿ ನಗರವಾಸಿಗಳು, ಆಡಳಿತದಲ್ಲಿ ಗ್ರಾಮಸ್ಥರು.

ಕೊನೆಯ ಮೆಟ್ಟಿಲು

ಏಣಿಯ ತಳದಲ್ಲಿರುವುದು ಗಣತಿ ಬ್ಲಾಕ್. ಒಬ್ಬ ಗಣತಿದಾರರು ನಿಗದಿತ ದಿನಗಳಲ್ಲಿ ಸುತ್ತಿ ಮುಗಿಸಬಹುದಾದಷ್ಟು, ಅಂದರೆ ಸುಮಾರು 600ರಿಂದ 800 ಜನ ವಾಸಿಸುವ ಪ್ರದೇಶವಿದು. ದೊಡ್ಡ ಗ್ರಾಮವನ್ನು ಹಲವು ಬ್ಲಾಕ್‌ಗಳಾಗಿ ವಿಂಗಡಿಸಲಾಗುತ್ತದೆ. ಆದರೆ ಯಾವ ಬ್ಲಾಕ್ ಕೂಡ ಗ್ರಾಮದ ಅಥವಾ ವಾರ್ಡಿನ ಗಡಿಯನ್ನು ದಾಟುವಂತಿಲ್ಲ. ಸುಮಾರು ಆರು ಬ್ಲಾಕ್‌ಗಳಿಗೆ ಒಬ್ಬ ಮೇಲ್ವಿಚಾರಕರು; ಗ್ರಾಮೀಣ ಭಾಗದಲ್ಲಿ ತಹಶೀಲ್ದಾರರು ಚಾರ್ಜ್ ಅಧಿಕಾರಿ.

ಒಂದೇ ನಿಯಮ ಇಡೀ ವ್ಯವಸ್ಥೆಯನ್ನು ಆಳುತ್ತದೆ: ರಾಜ್ಯದ ಯಾವ ಭಾಗವೂ ಬ್ಲಾಕ್‌ಗಳ ಹೊರಗೆ ಉಳಿಯಬಾರದು, ಯಾವ ಭಾಗವೂ ಎರಡು ಬ್ಲಾಕ್‌ಗಳಲ್ಲಿ ಇರಬಾರದು. ಮೊದಲನೆಯದು ತಪ್ಪಿದರೆ ಜನ ಬಿಟ್ಟುಹೋಗುತ್ತಾರೆ, ಎರಡನೆಯದು ತಪ್ಪಿದರೆ ಎರಡು ಬಾರಿ ಎಣಿಕೆಯಾಗುತ್ತಾರೆ.

ಗಡಿ ಸ್ಥಗಿತ ಏಕೆ?

ಎಣಿಕೆಯ ನಡುವೆ ಗಡಿ ಬದಲಾದರೆ ಈ ನಿಯಮ ಪಾಲಿಸುವುದು ಅಸಾಧ್ಯ. ಆದ್ದರಿಂದ ಪ್ರತಿ ಗಣತಿಗೂ ಮುನ್ನ ಆಡಳಿತಾತ್ಮಕ ಗಡಿಗಳನ್ನು ಸ್ಥಗಿತಗೊಳಿಸಲಾಗುತ್ತದೆ. 2021ಕ್ಕೆ ನಡೆಯಬೇಕಿದ್ದ ಗಣತಿ ಕೋವಿಡ್ ಕಾರಣದಿಂದ ಮುಂದೆ ಹೋದಾಗ ಈ ಗಡುವನ್ನು ಹಲವು ಬಾರಿ ವಿಸ್ತರಿಸಲಾಯಿತು. 2025ರ ಜೂನ್ 16ರಂದು ಕೇಂದ್ರ ಸರ್ಕಾರ ಹೊಸ ಗಣತಿಯ ಅಧಿಸೂಚನೆ ಹೊರಡಿಸಿತು. ಹಿಮಾವೃತ ಪ್ರದೇಶಗಳನ್ನು ಬಿಟ್ಟು ದೇಶದ ಉಳಿದೆಡೆ 2027ರ ಮಾರ್ಚ್ 1 ಎಣಿಕೆಯ ಉಲ್ಲೇಖ ದಿನ. ಮನೆಪಟ್ಟಿ ತಯಾರಿಕೆಗೆ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿ ಗೊತ್ತುಪಡಿಸಲಾಯಿತು. ಜಿಲ್ಲೆ, ತಾಲ್ಲೂಕು, ಗ್ರಾಮ ಮತ್ತು ಪಟ್ಟಣಗಳ ಗಡಿ ಬದಲಾವಣೆಗೆ 2025ರ ಡಿಸೆಂಬರ್ 31 ಕೊನೆಯ ದಿನವಾಗಿತ್ತು.

ಎರಡು ಗಣತಿಗಳ ನಡುವಿನ ಈ ಅವಧಿಯಲ್ಲಿ ರಾಜ್ಯದ ನಕ್ಷೆ ಸಾಕಷ್ಟು ಬದಲಾಗಿದೆ. 2017ರ ಬಜೆಟ್‌ನಲ್ಲಿ 49 ಹೊಸ ತಾಲ್ಲೂಕುಗಳ ಘೋಷಣೆಯಾಯಿತು. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ವಿಜಯನಗರ ಜಿಲ್ಲೆ ರೂಪುಗೊಂಡಿತು. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಒಂದೇ ಪಾಲಿಕೆಯ ಸ್ಥಾನದಲ್ಲಿ ಐದು ಪಾಲಿಕೆಗಳು ಬಂದವು. 2011ರಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕೇ ತಾಲ್ಲೂಕುಗಳಿದ್ದ ಕೊಪ್ಪಳ ಜಿಲ್ಲೆಯಲ್ಲಿ ಈಗ ಕನಕಗಿರಿ, ಕಾರಟಗಿ, ಕುಕನೂರು ಸೇರಿ ಏಳು ತಾಲ್ಲೂಕುಗಳಿವೆ.

ಪರಿಣಾಮವೇನು? 2027ರ ಗಂಗಾವತಿ ತಾಲ್ಲೂಕಿನ ಜನಸಂಖ್ಯೆಯನ್ನು 2011ರ ಗಂಗಾವತಿಯೊಂದಿಗೆ ಹಾಗೆಯೇ ಹೋಲಿಸಿದರೆ ಜನ ಊರು ಬಿಟ್ಟು ಹೋದರೇನೋ ಎಂಬ ಭ್ರಮೆ ಹುಟ್ಟುತ್ತದೆ. ವಾಸ್ತವದಲ್ಲಿ ಹೋದದ್ದು ಜನರಲ್ಲ, ಗೆರೆ. ಹೋಲಿಕೆ ಸರಿಯಾಗಬೇಕಾದರೆ ಗ್ರಾಮಗಳನ್ನು ಒಂದೊಂದಾಗಿ ಕೂಡಿಸಿ ಹಳೆಯ ಅಂಕಿಗಳನ್ನು ಹೊಸ ಗಡಿಗೆ ಹೊಂದಿಸಬೇಕು. ಈ ಉದ್ದೇಶಕ್ಕಾಗಿಯೇ 2011ರಲ್ಲಿ ಪ್ರತಿ ಗ್ರಾಮ ಮತ್ತು ಪಟ್ಟಣಕ್ಕೆ ಆರು ಅಂಕಿಗಳ ಸ್ಥಿರ ಸಂಕೇತ ನೀಡಲಾಯಿತು. ಕರ್ನಾಟಕದ ಸಂಕೇತ 29.

ಯಾರಿಗೆ ಲಾಭ, ಯಾರಿಗೆ ನಷ್ಟ?

ಅತಿ ಹೆಚ್ಚು ಪರಿಣಾಮ ತಟ್ಟುವುದು ಏಣಿಯ ಕೆಳಗಿರುವವರಿಗೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿ ಬಂದ ಮೇಲೆ ಗಂಗಾವತಿ ಭಾಗದಲ್ಲಿ ಹಲವು ಕ್ಯಾಂಪುಗಳು ತಲೆಯೆತ್ತಿದವು. ಕಲ್ಯಾಣ ಕರ್ನಾಟಕದ ಉದ್ದಗಲಕ್ಕೂ ಲಂಬಾಣಿ ತಾಂಡಾಗಳಿವೆ. ಮೂಲಗ್ರಾಮದ ಲೆಕ್ಕದಲ್ಲಿ ಬೆರೆತುಹೋದ ಇಂತಹ ವಸತಿಯ ಸಾಕ್ಷರತೆ ಎಷ್ಟು, ಪರಿಶಿಷ್ಟರ ಪ್ರಮಾಣವೆಷ್ಟು ಎಂಬುದು ಪ್ರಕಟಿತ ಕೋಷ್ಟಕದಲ್ಲಿ ಬೇರೆಯಾಗಿ ಸಿಗುವುದಿಲ್ಲ. ಮೂಲಗ್ರಾಮದಲ್ಲಿ ಪ್ರೌಢಶಾಲೆ ಇದ್ದರೆ, ಮೂರು ಕಿಲೋಮೀಟರ್ ದೂರದ ತಾಂಡಾದಲ್ಲಿಯೂ ಇದೆ ಎಂಬಂತೆಯೇ ಕಡತ ಓದಿಕೊಳ್ಳುತ್ತದೆ.

2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ನಡೆದ ಸಮಾರಂಭದಲ್ಲಿ 50 ಸಾವಿರಕ್ಕೂ ಹೆಚ್ಚು ಫಲಾನುಭವಿಗಳಿಗೆ ಹಕ್ಕುಪತ್ರ ನೀಡಲಾಯಿತು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್ ಮತ್ತು ವಿಜಯಪುರ ಜಿಲ್ಲೆಗಳ ಸುಮಾರು 1,475 ದಾಖಲೆರಹಿತ ಜನವಸತಿಗಳನ್ನು ಹೊಸ ಕಂದಾಯ ಗ್ರಾಮಗಳೆಂದು ಘೋಷಿಸಲಾಗಿತ್ತು. ಹಕ್ಕುಪತ್ರದ ಮಹತ್ವ ಎಲ್ಲರಿಗೂ ತಿಳಿದದ್ದೇ. ಗಣತಿಯಲ್ಲಿ ತನ್ನದೇ ಹೆಸರಿನ ಸಾಲೊಂದು ದೊರೆಯುವ ದಾರಿಯೂ ಇದೇ ಘೋಷಣೆ ಎಂಬುದು ಅಷ್ಟಾಗಿ ಚರ್ಚೆಯಾಗಲಿಲ್ಲ. ಗಡಿ ಸ್ಥಗಿತದ ದಿನದೊಳಗೆ ಅಧಿಸೂಚನೆ ಪಡೆಯದ ವಸತಿಗಳಿಗೆ ಮುಂದಿನ ಅವಕಾಶ ನಂತರದ ಗಣತಿಯಲ್ಲಿಯೇ.

ರಾಜಕೀಯ ಪ್ರಾತಿನಿಧ್ಯಕ್ಕೂ ಆಧಾರ ಇದೇ ಅಂಕಿ. 2001ರ ಗಣತಿಯನ್ನು ಆಧರಿಸಿದ ಕ್ಷೇತ್ರ ಪುನರ್ವಿಂಗಡಣೆ 2008ರಲ್ಲಿ ಜಾರಿಗೆ ಬಂದಾಗ ಕನಕಗಿರಿ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಗ್ರಾಮ ಪಂಚಾಯಿತಿಯ ಸ್ಥಾನಗಳಿಂದ ಲೋಕಸಭೆಯವರೆಗೆ ಪರಿಶಿಷ್ಟರ ಮೀಸಲಾತಿಗೆ ಜನಸಂಖ್ಯೆಯ ಪ್ರಮಾಣವೇ ಅಳತೆಗೋಲು.

ನಾಗರಿಕರು ಮಾಡಬಹುದಾದದ್ದು ಸರಳ. ಗಣತಿದಾರರು ಬಾಗಿಲಿಗೆ ಬಂದಾಗ ಮನೆಯ ಸದಸ್ಯರ ವಿವರ ನೀಡುವುದರ ಜೊತೆಗೆ, ತಮ್ಮ ಬಡಾವಣೆ, ಕ್ಯಾಂಪು ಅಥವಾ ತಾಂಡಾದ ಕೊನೆಯ ಮನೆಯೂ ಅವರ ನಕ್ಷೆಯಲ್ಲಿದೆಯೇ ಎಂದು ವಿಚಾರಿಸುವುದು ಒಳಿತು. ಊರಿನಲ್ಲಿ ಇದ್ದೂ ನಕ್ಷೆಯಲ್ಲಿ ಇಲ್ಲದ ಮನೆ, ಮುಂದಿನ ಗಣತಿಯವರೆಗೆ ಲೆಕ್ಕಕ್ಕಿಲ್ಲದ ಮನೆಯಾಗಿಯೇ ಉಳಿಯುತ್ತದೆ.