ಮಾಂಸಖಂಡದ ಮೂಲ

ತಾಂಡೂರಿನ ಗಣಿಗಳಲ್ಲಿ ಪರಸಿಕಲ್ಲಿನ ಚಪ್ಪಡಿಯನ್ನೆತ್ತಿ ಲಾರಿಗೇರಿಸುವ ಹಮಾಲನ ತೋಳಿನಲ್ಲಿ ಹುರಿಗೊಂಡು ಮೇಲೇಳುವ ಮಾಂಸಖಂಡವನ್ನು ಕಂಡವರು ಅದನ್ನು ದುಡಿಮೆಯ ಫಲವೆಂದು ಭಾವಿಸುವುದು ಸಹಜ. ಆದರೆ ದುಡಿಮೆಯು ಆ ಖಂಡದ ಎಳೆಗಳನ್ನು ದಪ್ಪಗೊಳಿಸಿತೇ ಹೊರತು ಹೊಸದಾಗಿ ಹುಟ್ಟಿಸಲಿಲ್ಲ. ಅವುಗಳ ಸಂಖ್ಯೆ ಅವನು ಹುಟ್ಟುವ ವೇಳೆಗೇ ಬಹುಮಟ್ಟಿಗೆ ನಿಶ್ಚಿತವಾಗಿತ್ತು.

ಗರ್ಭಧಾರಣೆಯ ಮೂರನೆಯ ವಾರದ ಕೊನೆಗೆ, ತಾನು ಗರ್ಭಿಣಿಯೆಂಬುದು ತಾಯಿಗೇ ಇನ್ನೂ ಖಚಿತವಾಗದಿರುವಾಗ, ಭ್ರೂಣದ ನರನಾಳದ ಇಕ್ಕೆಲಗಳಲ್ಲಿ ಮಧ್ಯಸ್ತರದ ಕೋಶಗಳು ತಲೆಯ ಕಡೆಯಿಂದ ಬಾಲದ ಕಡೆಗೆ ಜೋಡಿಜೋಡಿಯಾಗಿ ಖಂಡಗಳಾಗತೊಡಗುತ್ತವೆ. ಸೋಮೈಟ್‌ಗಳೆಂಬ ಈ ಖಂಡಗಳು ಐದನೆಯ ವಾರದ ಅಂತ್ಯಕ್ಕೆ 42ರಿಂದ 44 ಜೋಡಿಗಳಾಗುತ್ತವೆ. ಬೆನ್ನೆಲುಬಿಗೂ ಪಕ್ಕೆಲುಬಿಗೂ ಮುಂಡದ ಸ್ನಾಯುಗಳಿಗೂ ಇವೇ ಮೂಲ. ಕೈಕಾಲಿನ ಸ್ನಾಯುಗಳಾಗತಕ್ಕ ಕೋಶಗಳೂ ಇಲ್ಲಿಂದಲೇ ಹೊರಟು, ಆಗತಾನೆ ಮೊಳೆಯುತ್ತಿರುವ ಕೈಕಾಲುಗಳ ಒಳಹೊಕ್ಕು ನೆಲೆಸುತ್ತವೆ.

ಏನು ಬೇಕಾದರೂ ಆಗಬಲ್ಲ ಆಕರಕೋಶವು ಸ್ನಾಯುವೇ ಆಗಬೇಕೆಂಬ ನಿರ್ಧಾರಕ್ಕೆ ಬರುವುದು ಹೇಗೆ? ಈ ಪ್ರಶ್ನೆಗೆ 1987ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಹೆರಾಲ್ಡ್ ವೈನ್‌ಟ್ರಾಬ್ ಮತ್ತು ಸಂಗಡಿಗರಿಂದ ಬಂದ ಉತ್ತರ ಬೆರಗುಗೊಳಿಸುವಂಥದು: ಮಯೋಡಿ ಎಂಬ ಒಂದೇ ವಂಶವಾಹಿಯನ್ನು ಚಾಲನೆಗೊಳಿಸಿದಾಗ ಸಂಯೋಜಕ ಅಂಗಾಂಶದ ಕೋಶಗಳು ಸಹ ಸ್ನಾಯುಕೋಶಗಳಾಗಿ ಮಾರ್ಪಟ್ಟವು. ಹಾಗೆ ನಿಯುಕ್ತವಾದ ಕೋಶಗಳು ವಿಭಜನೆಯನ್ನು ನಿಲ್ಲಿಸಿ, ಸಾಲಾಗಿ ನಿಂತು, ನಡುವಣ ಪೊರೆಗಳನ್ನು ಕಳೆದುಕೊಂಡು ಒಂದರೊಳಗೊಂದು ಲೀನವಾಗುತ್ತವೆ. ನೂರಾರು ಕೋಶಕೇಂದ್ರಗಳುಳ್ಳ ಒಂದೇ ನೀಳವಾದ ಎಳೆಯೊಳಗೆ ಆಕ್ಟಿನ್, ಮಯೋಸಿನ್ ಎಂಬ ಪ್ರೋಟೀನುಗಳು ಪಟ್ಟೆಪಟ್ಟೆಯಾಗಿ ಜೋಡಣೆಗೊಂಡು, ಒಂದರ ಮೇಲೊಂದು ಜಾರುವುದರಿಂದ ಸ್ನಾಯು ಸಂಕುಚಿಸುತ್ತದೆ.

ಆದರೆ ಎಲ್ಲ ಕೋಶಗಳೂ ಹೀಗೆ ಲೀನವಾಗುವುದಿಲ್ಲವೆಂಬುದೇ ಈ ವೃತ್ತಾಂತದಲ್ಲಿ ನನಗೆ ಎಲ್ಲಕ್ಕಿಂತ ಹಿರಿದಾಗಿ ಕಾಣುವ ಸಂಗತಿ. ಜಹೀರಾಬಾದಿನ ಪಸ್ತಾಪುರದ ಸುತ್ತಲಿನ ರೈತ ಹೆಂಗಸರು ಬಿತ್ತನೆಯ ಜೋಳವನ್ನು ಉಣ್ಣದೆ ಬುಟ್ಟಿಗಳಲ್ಲಿ ಕಾದಿಡುವಂತೆ, ದೇಹವೂ ಕೆಲವು ಆಕರಕೋಶಗಳನ್ನು ಬೇರೆಯಾಗಿ ಉಳಿಸಿಕೊಳ್ಳುತ್ತದೆ. ಎಳೆಗೂ ಅದರ ಹೊರಕವಚಕ್ಕೂ ನಡುವೆ ಹುದುಗಿರುವ ಈ ಉಪಗ್ರಹ ಕೋಶಗಳನ್ನು 1961ರಲ್ಲಿ ಅಲೆಕ್ಸಾಂಡರ್ ಮೌರೋ ಕಪ್ಪೆಯ ಸ್ನಾಯುವಿನಲ್ಲಿ ಗುರುತಿಸಿದರು. 2017ರಲ್ಲಿ ಬೆಂಗಳೂರಿನ ಕೆ. ವಿಜಯರಾಘವನ್ ಅವರ ತಂಡವು ಹಣ್ಣುನೊಣದಲ್ಲಿಯೂ ಅಂಥವುಗಳನ್ನು ತೋರಿಸಿಕೊಟ್ಟಿತು. ಎಳೆಗಳ ದುರಸ್ತಿಗೆಂದಿರುವ ಈ ಉಪಗ್ರಹ ಕೋಶಗಳು ಗಾಯವಾಗುವವರೆಗೂ ನಿದ್ರಿಸುತ್ತಿರುತ್ತವೆ. ಆ ನಿದ್ರೆಯು ಬರಿಯ ಜಡತೆಯಲ್ಲ, ಕೋಶವು ಪ್ರಯತ್ನಪೂರ್ವಕವಾಗಿ ಕಾಯ್ದುಕೊಳ್ಳುವ ಸ್ಥಿತಿಯೆಂಬುದನ್ನು ತಿಳಿಯಲು ನೆರವಾದವರಲ್ಲಿ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಕೇಂದ್ರದ ಜ್ಯೋತ್ಸ್ನಾ ಧವನ್ ಪ್ರಮುಖರು.

ಈ ಕಾಪು ಸಾಲದಾಗುವುದೂ ಉಂಟು. ಬಹುಪಾಲು ಗಂಡುಮಕ್ಕಳಲ್ಲೇ ಕಾಣುವ ಡುಷೆನ್ ಸ್ನಾಯುಕ್ಷಯದಲ್ಲಿ ಡಿಸ್ಟ್ರೋಫಿನ್ ಎಂಬ ಪ್ರೋಟೀನಿನ ಕೊರತೆಯಿಂದ ಎಳೆಗಳು ಮೇಲಿಂದ ಮೇಲೆ ಹರಿಯುತ್ತವೆ. ದುರಸ್ತಿಗೆ ಏಳುವ ಕೋಶಗಳು ಕಡೆಗೆ ಕೈಸೋಲುತ್ತವೆ. ಮೂರು, ನಾಲ್ಕು ವರ್ಷದ ಹುಡುಗ ಪದೇಪದೇ ಬೀಳುವನು, ನೆಲದಿಂದೇಳುವಾಗ ತನ್ನ ತೊಡೆಗಳ ಮೇಲೆಯೇ ಕೈಯೂರಿ ಮೇಲಕ್ಕೇರುವನು, ಮೀನಖಂಡ ಮಾತ್ರ ಅಸಹಜವಾಗಿ ದಪ್ಪಗಾಗಿ ಕಾಣುವುದು. 1956ರವರೆಗೆ ಬೀದರ, ಕಲಬುರಗಿ ಜಿಲ್ಲೆಗಳಿಗೆ ಸೇರಿದ್ದ ನಾರಾಯಣಖೇಡ, ಜಹೀರಾಬಾದ್, ತಾಂಡೂರುಗಳ ಕನ್ನಡ ಬಂಧುಗಳಲ್ಲಿ ನನ್ನ ವಿನಂತಿಯಿಷ್ಟೇ: ಅಂಥ ಮಗುವನ್ನು ಸೋಮಾರಿಯೆಂದು ಗದರಿಸದೆ, ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ, ರಕ್ತದಲ್ಲಿ ಕ್ರಿಯಾಟಿನ್ ಕೈನೇಸ್ ಎಷ್ಟಿದೆಯೆಂದು ಪರೀಕ್ಷೆ ಮಾಡಿಸಿರಿ. ಪೂರ್ಣವಾಗಿ ಗುಣಪಡಿಸುವ ಮದ್ದು ಇನ್ನೂ ಇಲ್ಲವಾದರೂ, ಸ್ಟೀರಾಯ್ಡ್ ಔಷಧವನ್ನು ಸಕಾಲದಲ್ಲಿ ಆರಂಭಿಸಿದರೆ ಮಗು ತನ್ನ ಕಾಲಮೇಲೆ ನಡೆಯುವ ವರ್ಷಗಳು ಹೆಚ್ಚುತ್ತವೆ.